ಹಿತ್ತಲ ಗಿಡದ ಹಿರಿಮೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕನ್ನಡಿಗರಿಗೆ ಚಿರಪರಿಚಿತವಾದುದು. ದೂರದಿಂದ ತಂದ ಬೇರಿಗಿರುವ ಬೆಲೆ ಮನೆಯ ಹಿಂದಿನ ಸೊಪ್ಪಿಗೆ ದೊರೆಯುವುದಿಲ್ಲ. ಕಲಾವಿದರ ಪಾಡೂ ಅನೇಕ ವೇಳೆ ಇದೇ ಆಗಿದೆ. ನೆರೆಮನೆಯಲ್ಲಿ ಹಾಡುವವರನ್ನು, ಪಕ್ಕದ ಬೀದಿಯಲ್ಲಿ ಚಿತ್ರ ಬರೆಯುವವರನ್ನು ಊರು ಗುರುತಿಸುವುದು ಪರಸ್ಥಳದವರು ಮೆಚ್ಚಿದ ಮೇಲೆಯೇ. ಆಗ ಊರಿನವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: "ಕಷ್ಟಪಟ್ಟದ್ದರಿಂದಲೇ ಇಷ್ಟು ದೊಡ್ಡವರಾದರು." ಈ ಮಾತಿನಲ್ಲಿ ಸತ್ಯವೆಷ್ಟು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಕಲೆ ಶೂನ್ಯದಲ್ಲಿ ಹುಟ್ಟುವುದಿಲ್ಲ. ಕಲಾವಿದನು ಕಂಡುಂಡ ಬಾಳೇ ಅದರ ನೆಲ. 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಇದಕ್ಕೆ ಉತ್ತಮ ನಿದರ್ಶನ. ಅವರ ತಂದೆ ಗಣೇಶನ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದರು. ಯಕ್ಷಗಾನದ ಬಣ್ಣ, ಕುಣಿತ, ಚೆಂಡೆಯ ನಾದಗಳ ನಡುವೆ ಅವರ ಬಾಲ್ಯ ಕಳೆಯಿತು. ಮುಂದೆ ಅವರು ಮುಂಬಯಿಯಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಆದರೂ ಅವರ ರೇಖೆಗಳಲ್ಲಿ ಹುಟ್ಟೂರಿನ ಕುಣಿತದ ಲಯ ಮರೆಯಾಗಲಿಲ್ಲ. ಬಾಲ್ಯದ ನೆನಪೊಂದೇ ಸಾಕೆಂದು ಅವರು ಸುಮ್ಮನಿರಲೂ ಇಲ್ಲ. ಲಯದ ಮರ್ಮವನ್ನು ಅರಿಯಲೆಂದು ಚಿತ್ರಕಾರರಾದ ಅವರು ಗುರುಮುಖದಿಂದ ಕಥಕ್ ನೃತ್ಯವನ್ನೇ ಕಲಿತರು. ಕರಾವಳಿಯಲ್ಲಿ ಯಕ್ಷಗಾನವನ್ನು ನೋಡಿ ಬೆಳೆದ ಮಕ್ಕಳು ಸಾವಿರಾರು, ಅವರೆಲ್ಲರೂ ಹೆಬ್ಬಾರರಾಗಲಿಲ್ಲ. ಅನುಭವವು ಬೀಜ, ಸಾಧನೆಯೇ ಅದಕ್ಕೆ ನೀರು.

1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರ ಬಾಳು ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳು ಹಿಂದುಸ್ತಾನಿ ಸಂಗೀತವನ್ನು ಕಲಿಯಲೆಂದು ಅವರು ಹುಬ್ಬಳ್ಳಿಗೆ ಬಂದು ನೆಲೆಸಿದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡರು. ಹೆಣ್ಣುಮಗಳು ಹಾಡು ಕಲಿಯುತ್ತಾಳೆಂದು ಬೀದಿಯಲ್ಲಿ ಹೀಯಾಳಿಸುವವರಿದ್ದರು; ಜಾತಿಯ ಕಾರಣದಿಂದ ತಿರಸ್ಕರಿಸುವವರೂ ಇದ್ದರು. ಗಂಟಲಿನ ಚಿಕಿತ್ಸೆಯ ಬಳಿಕ ಅವರ ತೆಳುವಾದ ಕಂಠ ಗಡುಸಾಯಿತು. ಅವರು ಎದೆಗುಂದದೆ ಆ ಗಡುಸು ಕಂಠದಲ್ಲಿಯೇ ತಮ್ಮ ಗಾಯನವನ್ನು ಕಟ್ಟಿದರು. 2002ರಲ್ಲಿ ಪದ್ಮವಿಭೂಷಣ ಗೌರವ ಅವರಿಗೆ ಸಂದಿತು. 2009ರಲ್ಲಿ ಅವರು ನಿಧನರಾದರು.

ಗಂಗೂಬಾಯಿಯವರನ್ನು ದೊಡ್ಡವರನ್ನಾಗಿ ಮಾಡಿದ್ದು ಬೀದಿಯ ಹೀಯಾಳಿಕೆಯಲ್ಲ. ತಾಯಿಯ ಒತ್ತಾಸೆ, ಗುರುವಿನ ಪಾಠ, ವರ್ಷಗಟ್ಟಲೆಯ ತಾಲೀಮು, ಇವು ಅವರನ್ನು ಬೆಳೆಸಿದವು. ಹೀಯಾಳಿಕೆಗೂ ಕೀರ್ತಿಯಲ್ಲಿ ಪಾಲು ಕೊಡುವುದೆಂದರೆ, ಮರಕ್ಕೆ ಕಲ್ಲೆಸೆದವನನ್ನು ತೋಟಗಾರನೆಂದು ಕರೆದಂತೆ. ನೋವುಂಡ ದನಿಗೆ ಆಳವಿರುವುದು ನಿಜವಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜವೇ. ಆದರೆ ಅದೇ ನೋವಿನ ಭಾರಕ್ಕೆ ಕುಗ್ಗಿ ಅರ್ಧದಲ್ಲಿಯೇ ಹಾಡು ಬಿಟ್ಟವರ ದನಿ ಯಾರ ಕಿವಿಗೂ ಬೀಳಲಿಲ್ಲ. ಗೆದ್ದವರನ್ನಷ್ಟೇ ಎಣಿಸಿ ಕಷ್ಟವನ್ನು ಹೊಗಳುವುದು ನ್ಯಾಯವಲ್ಲ.

ಬಾಳಿನ ಅನುಭವವೆಂದರೆ ದುಃಖ ಮಾತ್ರವೇ ಅಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಓದುಬರೆಹ ಬಾರದಿದ್ದರೂ ಹಿರಿಯರಿಂದ ಬಾಯಿಂದ ಬಾಯಿಗೆ ಬಂದ ಹಾಡುಗಳ ದೊಡ್ಡ ಭಂಡಾರವೇ ಅವರ ನಾಲಿಗೆಯ ಮೇಲಿತ್ತು. ಗದ್ದೆಯ ಕೆಲಸ, ಮದುವೆಯ ಚಪ್ಪರ, ಸುಗ್ಗಿಯ ಸಂಭ್ರಮ, ಇವುಗಳಲ್ಲಿ ಹತ್ತು ಜನರೊಡನೆ ಕೂಡಿ ಬಾಳಿದ ಬಾಳು ಆ ಹಾಡುಗಳಿಗೆ ಜೀವ ಕೊಟ್ಟಿತ್ತು. ಕುಡಿತದಿಂದ ಮನೆಗಳು ಹಾಳಾಗುವುದನ್ನು ಕಂಡು ಅವರು ಸಾರಾಯಿ ವಿರೋಧಿ ಹೋರಾಟದಲ್ಲಿ ಮುಂದೆ ನಿಂತರು. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 2025ರಲ್ಲಿ ಅವರು ತೀರಿಕೊಂಡರು. ಬರೆದಿಡದ ಹಾಡು ಕಲಿತವರ ಬಾಯಲ್ಲಿ ಉಳಿಯುತ್ತದೆ; ಕಲಿಯುವವರಿಲ್ಲದಿದ್ದರೆ ಹಾಡಿದವರೊಡನೆಯೇ ಹೋಗುತ್ತದೆ.

ಆದುದರಿಂದ ಕಲಾವಿದರು ಪಟ್ಟ ಪಾಡನ್ನು ಸನ್ಮಾನದ ದಿನ ವರ್ಣಿಸಿದರೆ ಊರಿನ ಕರ್ತವ್ಯ ಮುಗಿಯುವುದಿಲ್ಲ. ಅವರು ಬದುಕಿರುವಾಗಲೇ ಅವರ ಬಾಗಿಲಿಗೆ ಹೋಗಿ ಕೇಳಬೇಕು, ನೋಡಬೇಕು, ಕಲಿಯಬೇಕು. ಅವರ ದಾರಿಯ ಕಲ್ಲುಮುಳ್ಳುಗಳನ್ನು ಹಾಡಿ ಹೊಗಳುವುದಕ್ಕಿಂತ ಅವುಗಳನ್ನು ತೆಗೆದುಹಾಕುವುದು ಮೇಲು. ಹಿತ್ತಲ ಗಿಡ ಮದ್ದೇ ಹೌದು. ಅದು ಒಣಗುವ ಮೊದಲೇ ನೀರೆರೆಯುವುದು ಆ ಮನೆಯವರ ಹೊಣೆ.