ಟೊಮೆಟೊಗೆ ಬೇಕಿರುವುದು ಔಷಧದ ಬಾಟಲಿಯಲ್ಲ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಸುತ್ತ ಶೇಂಗಾ ಬೆಳೆಯುವವರಿಗೆ ಜಿಪ್ಸಂ ಹೊಸದಲ್ಲ. ಹೂ ಬಿಡುವ ಹೊತ್ತಿಗೆ ಬುಡಕ್ಕೆ ಹಾಕಿ ಮಣ್ಣೇರಿಸದಿದ್ದರೆ ಕಾಯಿ ಜೊಳ್ಳಾಗುತ್ತದೆ, ಜಿಪ್ಸಂನಲ್ಲಿನ ಕ್ಯಾಲ್ಸಿಯಂ ಇಲ್ಲದೆ ಬೀಜ ತುಂಬುವುದಿಲ್ಲ ಎಂಬುದನ್ನು ಚಳ್ಳಕೆರೆ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಹೊಲಕ್ಕೆ ಬೋರ್‌ವೆಲ್ ನಂಬಿ ಟೊಮೆಟೊ ಹಾಕಿದಾಗ ಕ್ಯಾಲ್ಸಿಯಂ ಮಾತು ಬರುವುದೇ ಅಪರೂಪ. ಕಾಯಿಯ ತುದಿಯಲ್ಲಿ ಮೊದಲು ನೀರು ತುಂಬಿದಂಥ ಕಲೆ ಕಾಣುತ್ತದೆ, ಆಮೇಲೆ ಅದು ಕಂದಾಗಿ, ಕಪ್ಪಾಗಿ, ಚರ್ಮದಂತೆ ಒಣಗಿ ಒಳಕ್ಕೆ ಕುಸಿಯುತ್ತದೆ. ರೋಗ ಬಂತೆಂದು ಶಿಲೀಂಧ್ರನಾಶಕ ಸಿಂಪಡಿಸುವವರೇ ಹೆಚ್ಚು.

ಅದು ರೋಗವೇ ಅಲ್ಲ. ಬೆಳೆಯುತ್ತಿರುವ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಜೀವಕೋಶಗಳು ಒಡೆದುಹೋದ ಗುರುತು. ಎಷ್ಟು ಔಷಧ ಹೊಡೆದರೂ ಒಂದು ಕಾಯಿಯೂ ಉಳಿಯುವುದಿಲ್ಲ.

ಹಣ್ಣಿನ ಪ್ರತಿ ಕೋಶಕ್ಕೂ ಒಂದು ಗೋಡೆಯಿದೆ. ಸೆಲ್ಯುಲೋಸ್ ಎಳೆಗಳು ಅದಕ್ಕೆ ಬಲ ಕೊಟ್ಟರೆ, ಕೋಶಕ್ಕೂ ಕೋಶಕ್ಕೂ ನಡುವೆ ಇಟ್ಟಿಗೆ ಕೂಡಿಸುವ ಗಾರೆಯಂತೆ ಪೆಕ್ಟಿನ್ ಇರುತ್ತದೆ. ಪೆಕ್ಟಿನ್ ಸರಪಳಿಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವುದು ಕ್ಯಾಲ್ಸಿಯಂ. ಕಾಯಿ ಹಣ್ಣಾಗುವಾಗ ಗಿಡವೇ ಕಿಣ್ವಗಳನ್ನು ಬಿಟ್ಟು ಈ ಗೋಡೆಯನ್ನು ಸಡಿಲಿಸುತ್ತದೆ. ಹಣ್ಣು ಮೆತ್ತಗಾಗುವುದು ಹಾಗೆ. ಕೊಳೆಸುವ ಶಿಲೀಂಧ್ರಗಳೂ ಇಂಥದ್ದೇ ಕಿಣ್ವಗಳಿಂದ ಅದೇ ಗೋಡೆಯನ್ನು ಕರಗಿಸಿ ಒಳನುಗ್ಗುತ್ತವೆ. ಚಿಬ್ಬು ರೋಗದ ಶಿಲೀಂಧ್ರವಂತೂ ಹಸಿರು ಕಾಯಿಯನ್ನೇ ಹೊಕ್ಕು ಸುಮ್ಮನೆ ಕಾಯುತ್ತದೆ, ಹಣ್ಣಾದ ಮೇಲೆ ತಲೆ ಎತ್ತುತ್ತದೆ. ಹೊಲದಲ್ಲಿ ಚೊಕ್ಕಟವಾಗಿದ್ದ ಮಾಲು ಮಂಡಿ ತಲುಪುವಷ್ಟರಲ್ಲಿ ಕಲೆಬಿದ್ದು ಕೊಳೆಯುವುದಕ್ಕೆ ಇದೂ ಒಂದು ಕಾರಣ.

ಈ ಗೋಡೆಯನ್ನು ಪ್ರಯೋಗಾಲಯದಲ್ಲಿ ಗಟ್ಟಿ ಮಾಡುವ ಯತ್ನಗಳು ನಡೆದಿವೆ. ಅಮೆರಿಕದ ಕ್ಯಾಲ್ಜೀನ್ ಕಂಪನಿ ಪೆಕ್ಟಿನ್ ಕತ್ತರಿಸುವ ಪಾಲಿಗ್ಯಾಲಕ್ಟುರೊನೇಸ್ ಎಂಬ ಕಿಣ್ವವನ್ನು ತಗ್ಗಿಸಿ 1994ರಲ್ಲಿ ‘ಫ್ಲೇವರ್ ಸೇವರ್’ ಟೊಮೆಟೊವನ್ನು ಮಾರುಕಟ್ಟೆಗೆ ಬಿಟ್ಟಿತು. ಹಣ್ಣು ನಿರೀಕ್ಷಿಸಿದಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ, ಕೆಲವೇ ವರ್ಷಗಳಲ್ಲಿ ಮಾಯವಾಯಿತು. 2008ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆ ಕಿಣ್ವದ ಜೊತೆಗೆ ಗೋಡೆ ಸಡಿಲಿಸುವ ಎಕ್ಸ್‌ಪಾನ್ಸಿನ್ ಎಂಬ ಪ್ರೋಟೀನನ್ನೂ ತಗ್ಗಿಸಿ ನೋಡಿದರು. ಒಂದನ್ನೇ ತಗ್ಗಿಸಿದಾಗ ಪ್ರಯೋಜನವಾಗಲಿಲ್ಲ. ಎರಡನ್ನೂ ಒಟ್ಟಿಗೆ ತಗ್ಗಿಸಿದಾಗ ಹಣ್ಣು ಕೊಳೆಸುವ ಬೋಟ್ರೈಟಿಸ್ ಶಿಲೀಂಧ್ರದ ಹಾವಳಿ ಇಳಿಯಿತು. ಹಣ್ಣಿನ ಬಾಳಿಕೆಯನ್ನೂ ರೋಗ ತಡೆಯುವ ಶಕ್ತಿಯನ್ನೂ ಬೇರೆ ಬೇರೆ ಇಲಾಖೆಯ ವಿಷಯಗಳೆಂದು ನೋಡುವುದು ತಪ್ಪು ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ?

ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆ 2010ರಲ್ಲಿ ಸುಮಾರು 45 ದಿನ ಗಟ್ಟಿಯಾಗಿರುವ ಟೊಮೆಟೊ ರೂಪಿಸಿತು. ಅದೂ ಕುಲಾಂತರಿಯೇ. ಅದೇ ವರ್ಷ ಇನ್ನೊಂದು ಕುಲಾಂತರಿಯಾದ ಬಿಟಿ ಬದನೆಗೆ ತಡೆ ಬಿತ್ತು. ಕುಲಾಂತರಿ ತರಕಾರಿಯ ವಾದ ಇನ್ನೂ ಮುಗಿದಿಲ್ಲ. ಅದು ಮುಗಿಯಲಿ ಎಂದು ಇಲ್ಲಿನ ವೇದಾವತಿ ನದಿ ದಂಡೆಯ ರೈತರು ಕಾದು ಕೂರಬೇಕಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಾಮಾನ್ಯ ಸಂಕರಣದಿಂದಲೇ ‘ಅರ್ಕಾ ರಕ್ಷಕ್’ ಕೊಟ್ಟಿದೆ. ಎಲೆ ಮುರುಟು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುವ, ದೂರದ ಸಾಗಣೆಗೂ ತಾಳುವ ಗಟ್ಟಿ ಹಣ್ಣಿನ ತಳಿ ಅದು.

ಆದರೆ ತಳಿಯೊಂದೇ ಸಾಲದು. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ಗಿಡದೊಳಗೆ ನೀರಿನ ಜೊತೆಗೇ ಏರಬೇಕು. ಎಲೆಗೆ ಸೇರಿದ್ದು ಅಲ್ಲಿಂದ ಕಾಯಿಗೆ ಇಳಿಯುವುದಿಲ್ಲವೆಂದೇ ಹೇಳಬೇಕು. ನಾಲ್ಕು ದಿನ ಒಣಗಿಸಿ ಐದನೆಯ ದಿನ ಕಟ್ಟೆ ತುಂಬಾ ನೀರು ಬಿಟ್ಟರೆ ತುದಿ ಕಪ್ಪಾಗುತ್ತದೆ, ಹಣ್ಣು ಸೀಳುತ್ತದೆ, ಸೀಳಿನಲ್ಲಿ ಬೂಸು ಕೂರುತ್ತದೆ. ಯೂರಿಯಾ ಅತಿಯಾದರೂ ಇದೇ ಪಾಡು. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಲ್ಲಿ ಹನಿ ನೀರಾವರಿ ನೀರು ಉಳಿಸುವುದಷ್ಟೇ ಅಲ್ಲ, ಹಣ್ಣಿನ ಗೋಡೆಯನ್ನೂ ಕಾಯುತ್ತದೆ. ಹನಿ ಪೈಪಿದ್ದರೂ ಮೂರು ಫೇಸ್ ಕರೆಂಟು ಹೊತ್ತಿಗೆ ಬಾರದಿದ್ದರೆ ಪ್ರಯೋಜನವಿಲ್ಲ. ಟೊಮೆಟೊ ಕೊಳೆಯುವ ಲೆಕ್ಕದಲ್ಲಿ ವಿದ್ಯುತ್ ಇಲಾಖೆಗೂ ಪಾಲಿದೆ.

ಔಷಧದ ಅಂಗಡಿಯಲ್ಲಿ ಸಾಲ ಸಿಗುತ್ತದೆ, ಸಲಹೆಯೂ ಸಿಗುತ್ತದೆ. ಆ ಸಲಹೆ ಸಾಮಾನ್ಯವಾಗಿ ಒಂದು ಬಾಟಲಿಯಲ್ಲಿ ಮುಗಿಯುತ್ತದೆ. ತುದಿ ಕೊಳೆತ ಕಾಯಿಯನ್ನು ಕೈಯಲ್ಲಿ ಹಿಡಿದು ಬಂದವರಿಗೆ ಇದು ನೀರಿನ ತೊಂದರೆ, ಔಷಧಕ್ಕೆ ದುಡ್ಡು ಹಾಕಬೇಡಿ ಎಂದು ಹೇಳುವವರು ಹೋಬಳಿಯಲ್ಲೇ ಇರಬೇಕು. ದೂರದ ಮಂಡಿಗೆ ಕಳಿಸುವುದಾದರೆ ಕೆಂಪೇರುವವರೆಗೆ ಬಿಡದೆ ದೋರೆಗಾಯಿ ಇದ್ದಾಗಲೇ ಕೀಳಿ ಎಂದು ತೋರಿಸಿಕೊಡುವವರೂ ಬೇಕು. ತೋಟಗಾರಿಕೆ ಇಲಾಖೆ ಮತ್ತು ಹಿರಿಯೂರಿನ ಬಬ್ಬೂರು ಕೃಷಿ ವಿಜ್ಞಾನ ಕೇಂದ್ರದವರು ನಾಟಿಗೆ ಮೊದಲೇ ಪರಶುರಾಂಪುರ ಹೋಬಳಿಯ ಹೊಲಗಳಿಗೆ ಬಂದು, ಮಣ್ಣು ಪರೀಕ್ಷೆ ಮಾಡಿಸಿ, ಈ ನಾಲ್ಕು ಮಾತು ಹೇಳಿ ಹೋಗಲಿ.