ಹೃದಯರಕ್ಷಣೆ ಮನೆಬಾಗಿಲಿಗೆ ಬರಲಿ



ಹೃದ್ರೋಗವೆಂಬುದು ಉಂಡು ಕುಳಿತವರ ಕಾಯಿಲೆ, ಮೈಮುರಿದು ದುಡಿಯುವವರ ಬಳಿ ಅದು ಸುಳಿಯದು ಎಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ದೈಹಿಕ ದುಡಿಮೆ ಹೃದಯಕ್ಕೆ ಹಿತಕರವೆಂಬುದು ನಿಶ್ಚಯ. ಉಳಿದರ್ಧ ಮಾತ್ರ ಕಠೋರವಾದುದು. ಭಾರತವೂ ಸೇರಿದಂತೆ 17 ದೇಶಗಳ ಒಂದೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ಅವಲೋಕಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಹೃದ್ರೋಗಕ್ಕೆ ಕಾರಣವಾಗುವ ಅಂಶಗಳು ಬಡ ದೇಶಗಳಲ್ಲಿ ಕಡಿಮೆಯಿದ್ದರೂ ಅದರಿಂದ ಸಾಯುವವರ ಪ್ರಮಾಣ ಅಲ್ಲಿಯೇ ಅಧಿಕವೆಂದು ತೋರಿಸಿತು. ಸಿರಿವಂತ ದೇಶಗಳಲ್ಲಿ ರೋಗವನ್ನು ಮೊದಲೇ ಗುರುತಿಸುತ್ತಾರೆ, ಔಷಧವನ್ನು ತಪ್ಪದೆ ಕೊಡುತ್ತಾರೆ. ಬಡವನಿಗೆ ಎರಡೂ ದೂರ. ನಮ್ಮ ದೇಶದಲ್ಲಿ ಸಂಭವಿಸಿದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಪಾಲು 1990ರಲ್ಲಿ ಶೇಕಡಾ 15ರಷ್ಟಿದ್ದುದು 2016ರ ವೇಳೆಗೆ ಶೇಕಡಾ 28ಕ್ಕೆ ಏರಿತ್ತು.

ದೂರವೆಂದರೇನು ಎಂಬುದನ್ನು ಅರಿಯಲು ನಮ್ಮ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಬಹುದು. ಬೆಟ್ಟದಿಂದ ಯಳಂದೂರಿಗೆ ಸುಮಾರು 24 ಕಿಲೋಮೀಟರ್ ಘಟ್ಟದ ಹಾದಿ. ಸೋಲಿಗರ ಪೋಡುಗಳು ಅದಕ್ಕೂ ಒಳಗೆ, ಆನೆ ತಿರುಗುವ ಕಾಡಿನ ನಡುವೆ ಇವೆ. ರಾಗಿ, ಗೆಡ್ಡೆಗೆಣಸು, ಸೊಪ್ಪು, ಜೇನುಗಳನ್ನು ಉಂಡು ಬದುಕಿದ ಈ ಜನರ ಬಾಳು, ಕಾಡು ಅಭಯಾರಣ್ಯವಾಗಿ ಅಲೆಬೇಸಾಯ ನಿಂತ ಮೇಲೆ ಬದಲಾಯಿತು. ಪಡಿತರದ ಅಕ್ಕಿ, ತೋಟದ ಕೂಲಿ, ಅಂಗಡಿಯ ತಿನಿಸು ಪೋಡಿಗೂ ಬಂದವು. ಬಯಲಿನವರ ಆಹಾರ ಅಲ್ಲಿಗೆ ಬೇಗ ತಲುಪಿತು. ಬಯಲಿನವರ ವೈದ್ಯಸೌಕರ್ಯ ಅಷ್ಟು ಬೇಗ ತಲುಪಲಿಲ್ಲ.

ಆ ಕೊರತೆಯನ್ನು ನೀಗಲು ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದುದು ನಾಡಿಗೆಲ್ಲ ತಿಳಿದ ಸಂಗತಿ. 1994ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಗೌರವವಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಯಳಂದೂರು ಸೀಮೆಯಲ್ಲಿ ಕುಷ್ಠರೋಗದ ಹಾವಳಿ ಹೆಚ್ಚಾಗಿದ್ದುದನ್ನು ಕಂಡು 1986ರಲ್ಲಿ ಕರುಣಾ ಟ್ರಸ್ಟ್ ಸ್ಥಾಪಿತವಾಯಿತು. ಅದೇ ಸಂಸ್ಥೆಗೆ 1996ರಲ್ಲಿ ಸರ್ಕಾರವು ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ಒಪ್ಪಿಸಿತು.

ಹೃದಯದ ಮಾತಿನ ನಡುವೆ ಕುಷ್ಠವೇಕೆ ಎಂದು ಓದುಗರು ಕೇಳಬಹುದು. ಕುಷ್ಠದ ಮಚ್ಚೆಗೆ ಸ್ಪರ್ಶಜ್ಞಾನವಿರುವುದಿಲ್ಲ, ನೋವೂ ಇರುವುದಿಲ್ಲ. ನೋವಿಲ್ಲದವನು ವೈದ್ಯರನ್ನು ಹುಡುಕಿಕೊಂಡು ಬರುವುದಿಲ್ಲ. ಆದುದರಿಂದ ಆರೋಗ್ಯ ಕಾರ್ಯಕರ್ತರೇ ಮನೆಮನೆಗೆ ಹೋಗಿ ಮಚ್ಚೆಗಳನ್ನು ಹುಡುಕಿ, ತಿಂಗಳು ತಿಂಗಳಿಗೆ ಗುಳಿಗೆಗಳನ್ನು ತಲುಪಿಸಿದರು. ಆ ರೋಗ ತಗ್ಗಿದುದು ಈ ಕ್ರಮದಿಂದ. ಅಧಿಕ ರಕ್ತದೊತ್ತಡವೂ ಇದೇ ಬಗೆಯದು. ಮಾಪಕದಲ್ಲಿ 140/90ನ್ನು ಮುಟ್ಟಿ ಮೀರಿದ್ದರೂ ಮನುಷ್ಯ ಎಂದಿನಂತೆ ಉಂಡು, ದುಡಿದು, ನಿದ್ರಿಸುತ್ತಾನೆ. ಒಳಗೆ ರಕ್ತನಾಳಗಳು ಪೆಡಸಾಗುತ್ತವೆ, ಹೃದಯದ ಮೇಲೆ ಹೊರೆ ಬೀಳುತ್ತದೆ. ಕೆಲವು ವರ್ಷಗಳ ಬಳಿಕ ಒಂದು ದಿನ ಹೃದಯಾಘಾತವೋ ಪಾರ್ಶ್ವವಾಯುವೋ ಎರಗಿದಾಗ ಮನೆಯವರು ಇದ್ದಕ್ಕಿದ್ದಂತೆ ಆಯಿತೆಂದು ಗೋಳಾಡುತ್ತಾರೆ.

ಇಲ್ಲೊಂದು ವ್ಯತ್ಯಾಸವುಂಟು. ಕುಷ್ಠದ ಗುಳಿಗೆ ಆರು ತಿಂಗಳೋ ವರ್ಷವೋ ಸಾಕು. ರಕ್ತದೊತ್ತಡದ ಗುಳಿಗೆ ಬಹುತೇಕರಿಗೆ ಜೀವನಪರ್ಯಂತ ಬೇಕು. ಗುಳಿಗೆಯೇನೋ ಸರ್ಕಾರಿ ಕೇಂದ್ರದಲ್ಲಿ ಉಚಿತ. ಆದರೆ ಕೂಲಿಯವನು ಅದನ್ನು ತರಲು ಒಂದು ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕಳೆದುಕೊಳ್ಳಬೇಕು. ಮೂರು ತಿಂಗಳು ಹೋಗುತ್ತಾನೆ, ನಾಲ್ಕನೆಯ ತಿಂಗಳು ನಿಲ್ಲಿಸುತ್ತಾನೆ. ಇದನ್ನು ಅವನ ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ. ಈಗ 30 ವರ್ಷ ತುಂಬಿದವರೆಲ್ಲರ ರಕ್ತದೊತ್ತಡ ಮತ್ತು ಮಧುಮೇಹಗಳನ್ನು ಊರ ಸಮೀಪದ ಉಪಕೇಂದ್ರದಲ್ಲಿಯೇ ಪರೀಕ್ಷಿಸಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವುಂಟು. ಆ ಕೇಂದ್ರದಲ್ಲಿ ಗುಳಿಗೆ ಎಂದೂ ಮುಗಿಯದಂತೆ ಕೇಳಿ ಪಡೆಯುವುದು ಊರಿನ ಹಿರಿಯರ ಹೊಣೆ.

ಆಘಾತವಾದ ಬಳಿಕವಂತೂ ದೂರವೇ ಮೃತ್ಯು. ಎದೆಯ ನಡುವೆ ಹಿಸುಕಿದಂತಾಗುವುದು, ನೋವು ತೋಳಿಗೂ ದವಡೆಗೂ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇದರ ಲಕ್ಷಣಗಳು. ಸ್ತ್ರೀಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಬರಿಯ ಸುಸ್ತು, ವಾಕರಿಕೆಯ ರೂಪದಲ್ಲಿಯೂ ಬರಬಹುದು. ಗ್ಯಾಸ್ ಎಂದು ಸೋಡಾ ಕುಡಿಸುತ್ತ ರಾತ್ರಿ ಕಳೆಯುವವರು ಅಮೂಲ್ಯವಾದ ಗಂಟೆಗಳನ್ನು ಕಳೆಯುತ್ತಾರೆ. ನಟ ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ ಅಕಾಲಿಕವಾಗಿ ಅಗಲಿದ ಬಳಿಕ, ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಯೋಜನೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೆಂಗಳೂರಿನ ಜಯದೇವ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ತಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಎಲ್ಲಿದೆಯೆಂಬುದನ್ನು ಪ್ರತಿಯೊಂದು ಕುಟುಂಬವೂ ಇಂದೇ ವಿಚಾರಿಸಿಟ್ಟುಕೊಳ್ಳಲಿ; 108ಕ್ಕೆ ಕರೆ ಮಾಡಲು ಮಕ್ಕಳಿಗೂ ಕಲಿಸಲಿ.

ಇನ್ನು ಗೃಹಿಣಿಯರಿಗೆ ಒಂದು ಲೆಕ್ಕ. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ವರ ಮನೆಯಲ್ಲಿ ಒಂದು ಕಿಲೋ ಉಪ್ಪು ಐವತ್ತು ದಿನಗಳಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಗೆ ಹಾಕಿದ್ದೂ ಈ ಲೆಕ್ಕದೊಳಗೇ ಸೇರಬೇಕು. ನಿಮ್ಮ ಮನೆಯ ಪೊಟ್ಟಣ ಎಷ್ಟು ದಿನಕ್ಕೆ ಖಾಲಿಯಾಗುತ್ತದೆಂದು ನೋಡಿಕೊಳ್ಳಿ. ಬೀಡಿ, ಸಿಗರೇಟು, ಎಲೆಯಡಿಕೆಯೊಡನೆ ಹಾಕುವ ಹೊಗೆಸೊಪ್ಪು ಇವುಗಳನ್ನು ಬಿಡುವುದಕ್ಕಿಂತ ಮಿಗಿಲಾದ ಉಪಚಾರವಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿ ಪರೀಕ್ಷೆಗೂ ಕೊನೆಯವಳಾಗುವುದು ಸಲ್ಲದು. ಅವಳನ್ನು ಮೊದಲು ಕರೆದೊಯ್ಯಿರಿ. ಒತ್ತಡ ಇಳಿಯಿತೆಂದು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸದಿರಿ. ಅದು ಇಳಿದಿರುವುದು ಗುಳಿಗೆಯಿಂದಲೇ.

ಕೊನೆಯದಾಗಿ, ಜಮೀನುಳ್ಳ ಕುಟುಂಬಗಳಲ್ಲಿ ನಮ್ಮ ವಿನಂತಿ. ನಮ್ಮ ಹೊಲಗದ್ದೆಗಳಲ್ಲಿ ದುಡಿಯುವವರಿಗೆ ತಿಂಗಳಲ್ಲಿ ಅರ್ಧ ದಿನ ಗುಳಿಗೆ ತರಲು ಬಿಡುವು ಕೊಡೋಣ, ಆ ದಿನದ ಕೂಲಿಯನ್ನು ಹಿಡಿಯದಿರೋಣ. ಮಹದೇಶ್ವರ ಬೆಟ್ಟದ ಹಾದಿಯಲ್ಲಿ ನಡೆದುಬರುವ ಯಾತ್ರಿಕರಿಗೆ ಅನ್ನ ನೀರು ಕೊಡುವ ಭಕ್ತರು ಅನೇಕರಿದ್ದಾರೆ. ಅನ್ನದ ಪಂಕ್ತಿಯ ಪಕ್ಕದಲ್ಲಿ ಒಂದು ಮೇಜನ್ನಿಟ್ಟು, ಆರೋಗ್ಯ ಕೇಂದ್ರದವರನ್ನು ಕರೆದು, ಬಂದವರೆಲ್ಲರ ರಕ್ತದೊತ್ತಡ ನೋಡಿಸಿದರೆ ಅದೂ ದಾಸೋಹವೇ. ಬರುವ ಜಾತ್ರೆಯಿಂದಲೇ ಇದು ಮೊದಲಾಗಲಿ ಎಂದು ಹಾರೈಸುತ್ತೇವೆ.