ಕುರಿ ಕಾಯೋ ನಾಯಿ ಬೇಕೋ, ಗೇಟಿಗೆ ಕಟ್ಟೋ ನಾಯಿ ಬೇಕೋ?

ನಮ್ಮ ಕಳ್ಳಂಬೆಳ್ಳ, ಶಿರಾ ಕಡೆ ಈಗ ಹೊಸ ಗೀಳು. ಕುರಿ ಶೆಡ್ಡಿಗೆ ಕಂಗಾಲ್ ಮರಿ ತರಬೇಕು, ಕಕೇಷಿಯನ್ ತರಬೇಕು. ಮೊಬೈಲಲ್ಲಿ ಕರುವಿನಷ್ಟು ನಾಯಿ ನೋಡೋದು, "ಇದೊಂದಿದ್ರೆ ಚಿರತೆ ಹತ್ರ ಸುಳಿಯಲ್ಲ" ಅನ್ನೋದು. ತಂದ ಮೇಲೆ ಮಾಡೋದೇನು? ಗೇಟಿಗೆ ಚೈನ್ ಹಾಕಿ ಕಟ್ಟೋದು. ಇದು ನಾಯಿಗೂ ದ್ರೋಹ, ಕುರಿಗೂ ದ್ರೋಹ. ಬೇಜಾರಾದ್ರೆ ಆಗ್ಲಿ, ಹೇಳ್ತೀನಿ. (ಕಂಗಾಲ್ ತಂದು ನಾವೇ ಕಂಗಾಲಾಗೋದು ಬೇರೆ ಮಾತು.)

ತಳಿ ಕೆಟ್ಟದ್ದು ಅಂತ ನಾನು ಅನ್ನಲ್ಲ. ಕಂಗಾಲ್ ಟರ್ಕಿಯ ಸಿವಾಸ್ ಕಡೆಯ ಕುರಿಗಾರರ ನಾಯಿ. ಬಿಸಿಲಿನ ಒಣನಾಡು ನಮೀಬಿಯಾದಲ್ಲೂ ಚೀತಾ ಉಳಿಸೋ ಸಂಸ್ಥೆಯೊಂದು 1994ರಿಂದ ಇದೇ ಬಳಗದ ನಾಯಿಗಳನ್ನ ರೈತರಿಗೆ ಕೊಡ್ತಿದೆ. ಆದರೆ ಅಲ್ಲಿ ಸಾಕೋ ರೀತಿ ನೋಡಿ. ಎರಡು ತಿಂಗಳ ಮರಿಯನ್ನ ನೇರ ಮಂದೆಗೆ ಬಿಡ್ತಾರೆ. ಕುರಿ ಜೊತೆಗೇ ಊಟ, ನಿದ್ದೆ. ಮೂರ್ನಾಲ್ಕು ತಿಂಗಳೊಳಗೆ ಯಾರ ಜೊತೆ ಬೆಳೆಯುತ್ತೋ ಅವರನ್ನೇ ತನ್ನೋರು ಅಂದ್ಕೊಳ್ಳುತ್ತೆ. ಮನೆ ಮಕ್ಕಳ ಜೊತೆ ಬೆಳೆದದ್ದು ಮನೆ ಕಾಯುತ್ತೆ, ಕುರಿ ಕಾಯಲ್ಲ. ಬುದ್ಧಿ ಬಲಿಯೋಕೆ ಒಂದೂವರೆ, ಎರಡು ವರ್ಷ ಬೇಕು. ಅಲ್ಲಿವರೆಗೆ ಕುರಿಮರಿ ಅಟ್ಟಿಸ್ಕೊಂಡು ಆಡುತ್ತೆ, ಕಿವಿ ಕಚ್ಚುತ್ತೆ. ಗದರಿಸಿ ತಿದ್ದೋಕೆ ಜನ ಬೇಕು. ನಿಮ್ಮನೇಲಿ ಯಾರಿದ್ದಾರೆ?

ಹಟ್ಟಿ ನಾಯಿ ಇದನ್ನೆಲ್ಲ ಪುಕ್ಕಟೆ ಕಲಿತಿರುತ್ತೆ. ರೊಪ್ಪದ ಪಕ್ಕ ಹುಟ್ಟಿ, ಮುದ್ದೆ ತಿಂದು, ಮಂದೆ ಹಿಂದೆ ನಡೆದು ಬೆಳೆದದ್ದು. ನಾವು ಅದನ್ನ ಕಂತ್ರಿ ಅಂತೀವಿ. ಅಮೆರಿಕದ ನವಾಹೋ ಕುರಿಗಾರರ ನಾಯಿಗಳೂ ಬೆರಕೆಯವೇ, ಮಂದೇಲೇ ಬೆಳೆದವು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಾವಲು ತೋಳ ಇರೋ ಜಾಗ. ಆ ಸುತ್ತಮುತ್ತ ಕುರಿ ಮೇಯಿಸೋರನ್ನ ಒಂದ್ಸಲ ಕೇಳಿ ನೋಡಿ. ಮುಧೋಳ ನಾಯಿನೂ ಇದಕ್ಕಲ್ಲ, ಅದು ಓಡಿ ಬೇಟೆ ಹಿಡಿಯೋ ಜಾತಿ. ಮೊಲ ಕಂಡ್ರೆ ಮಂದೆ ಮರೆಯುತ್ತೆ.

ಇನ್ನು ಚಿರತೆ. ಚೈನಲ್ಲಿರೋ ಒಂಟಿ ನಾಯಿ, ಎಷ್ಟೇ ದೊಡ್ಡದಿರ್ಲಿ, ಚಿರತೆಗೆ ಕಟ್ಟಿಟ್ಟ ಬುತ್ತಿ. ರಾತ್ರಿ ಮೇಲೂ ಮುಚ್ಚಿದ ರೊಪ್ಪ, ಬಿಚ್ಚಿಬಿಟ್ಟ ಎರಡು ಮೂರು ನಾಯಿ, ಹಿಮಾಚಲದ ಗದ್ದಿ ಕುರಿಗಾರರು ಕಟ್ಟೋ ಹಾಗೆ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ. ಅಷ್ಟಿದ್ರೆ ಮಾತಾಡೋಣ.

2024ರ ಮಾರ್ಚಲ್ಲಿ ಕೇಂದ್ರ 23 ತಳಿ ತಡೆಯೋಕೆ ಸುತ್ತೋಲೆ ಕಳಿಸ್ತು, ಏಪ್ರಿಲಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡ್ತು. ಮಾರೋರು ಇದನ್ನೇ ತೋರಿಸ್ತಾರೆ. ರದ್ದಾಗಿದ್ದು ಸಂಬಂಧಪಟ್ಟವರನ್ನ ಕೇಳದೆ ಹೊರಡಿಸಿದ್ದಕ್ಕೆ, ನಾಯಿ ಸಾಧು ಅಂತಲ್ಲ. ಪಕ್ಕದ ಹೊಲದ ಕೂಲಿ ಹೆಂಗಸಿಗೆ ಕಚ್ಚಿದ್ರೆ ಹೊಣೆ ನಿಮ್ದೇ.

ತರಲೇಬೇಕು ಅಂದ್ರೆ ಮಾರೋನನ್ನ ಒಂದು ಮಾತು ಕೇಳಿ: ಇದರ ತಾಯಿ ಯಾವ ಮಂದೆ ಕಾಯ್ತಿದೆ, ತೋರಿಸ್ತೀಯಾ? ಬೆಂಗಳೂರಲ್ಲಿ ಬೋನಲ್ಲಿದೆ ಅಂದ್ರೆ, ಆ ದುಡ್ಡಲ್ಲಿ ರೊಪ್ಪಕ್ಕೆ ಮೆಶ್ ಹೊಡೆಸಿ.